ಯಾವ ಯಂತ್ರದಲ್ಲಿ ಎಷ್ಟು ಕ್ಯಾಲೊರಿ? ರೋಗಿಗಳು ತಿಳಿಯಬೇಕಾದ ಲೆಕ್ಕ



"ಡಾಕ್ಟರೇ, ಟ್ರೆಡ್‌ಮಿಲ್ ಒಳ್ಳೆಯದೋ ಸೈಕಲ್ ಒಳ್ಳೆಯದೋ? ಯಾವುದರಲ್ಲಿ ಬೊಜ್ಜು ಬೇಗ ಕರಗುತ್ತದೆ?" ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ಚಿಕಿತ್ಸೆ ಪಡೆಯುವವರು ಕೇಳುವ ಪ್ರಶ್ನೆಯಿದು. ಈಗ ಸಣ್ಣ ಊರುಗಳಲ್ಲಿಯೂ ಜಿಮ್‌ಗಳಿವೆ. ಮಕ್ಕಳು ತಂದೆ-ತಾಯಿಗೆಂದು ಮನೆಗೇ ಯಂತ್ರ ತರಿಸಿಕೊಡುವುದೂ ಉಂಟು. ಆದರೆ ಪರದೆಯ ಮೇಲಿನ ಅಂಕಿ ಏರಲೆಂದು ಮಂಡಿ ನೋವಿದ್ದರೂ ಓಡುವವರಿದ್ದಾರೆ. ಅಂಕಿ ಏರಿತೆಂದು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುವವರೂ ಇದ್ದಾರೆ. ಎರಡೂ ಅಪಾಯವೇ. ಆದ್ದರಿಂದ ಈ ಲೆಕ್ಕವನ್ನು ಸರಿಯಾಗಿ ತಿಳಿಯೋಣ.

ಲೆಕ್ಕ ಹೇಗೆ?

ಸುಮ್ಮನೆ ಕುಳಿತಿದ್ದರೂ ದೇಹವು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ ಖರ್ಚು ಮಾಡುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಈ ಖರ್ಚು ಸುಮಾರು ಮೂರೂವರೆ ಪಟ್ಟು ಆಗುತ್ತದೆ. 60 ಕಿಲೋ ತೂಕದವರು 30 ನಿಮಿಷ ವ್ಯಾಯಾಮ ಮಾಡಿದರೆ ಅಂದಾಜು ಲೆಕ್ಕ ಹೀಗಿದೆ:

• ಟ್ರೆಡ್‌ಮಿಲ್, ಸಮತಟ್ಟಾಗಿ, ಗಂಟೆಗೆ 5 ಕಿ.ಮೀ. ನಡಿಗೆ – 105
• ಅದೇ ವೇಗ, ಶೇಕಡಾ 5ರಷ್ಟು ಏರು – 165
• ಟ್ರೆಡ್‌ಮಿಲ್, ಗಂಟೆಗೆ 8 ಕಿ.ಮೀ. ಓಟ – 250
• ವ್ಯಾಯಾಮದ ಸೈಕಲ್, ಹಗುರವಾಗಿ – 105
• ವ್ಯಾಯಾಮದ ಸೈಕಲ್, ಬಿಗಿ ಹೆಚ್ಚಿಸಿ (100 ವ್ಯಾಟ್) – 200
• ಎಲಿಪ್ಟಿಕಲ್ (ನಿಂತು ಕೈಕಾಲು ಆಡಿಸುವ ಯಂತ್ರ), ಮಧ್ಯಮ – 150
• ರೋಯಿಂಗ್ (ಹುಟ್ಟು ಹಾಕುವಂಥ ಯಂತ್ರ), ಮಧ್ಯಮ – 145

ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ 30 ಕ್ಯಾಲೊರಿ ಇವೆಲ್ಲದರಲ್ಲೂ ಸೇರಿದೆ. ಪಟ್ಟಿಯನ್ನು ಗಮನಿಸಿ: ಹಗುರವಾಗಿ ತುಳಿದ ಸೈಕಲ್ಲಿಗೂ ಬಿಗಿಯಾಗಿ ತುಳಿದ ಸೈಕಲ್ಲಿಗೂ ಇರುವ ಅಂತರವು ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಇರುವ ಅಂತರದಷ್ಟೇ ದೊಡ್ಡದು. ಖರ್ಚನ್ನು ನಿರ್ಧರಿಸುವುದು ಯಂತ್ರದ ಹೆಸರಿಗಿಂತ ಹೆಚ್ಚಾಗಿ ನಮ್ಮ ಶ್ರಮ.

ಸಂಶೋಧನೆ ಏನು ಹೇಳುತ್ತದೆ?

1996ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈದ್ಯರು 13 ಮಂದಿ ಆರೋಗ್ಯವಂತರನ್ನು ಆರು ಬಗೆಯ ಯಂತ್ರಗಳ ಮೇಲೆ ಪರೀಕ್ಷಿಸಿದರು. "ಇಷ್ಟು ಆಯಾಸವಾಗುತ್ತಿದೆ" ಎಂದು ಅವರಿಗೆ ಅನಿಸುವ ಮಟ್ಟವನ್ನು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿಟ್ಟು ಖರ್ಚನ್ನು ಅಳೆದಾಗ ಟ್ರೆಡ್‌ಮಿಲ್ ಮೊದಲ ಸ್ಥಾನದಲ್ಲಿತ್ತು. ಯಂತ್ರಗಳ ನಡುವಿನ ಅಂತರ ಗಂಟೆಗೆ 261 ಕ್ಯಾಲೊರಿವರೆಗೂ ಇತ್ತು. ನಡೆಯುವಾಗ ಇಡೀ ಮೈಭಾರವನ್ನು ನಾವೇ ಹೊರುತ್ತೇವೆ. ಸೈಕಲ್‌ನಲ್ಲಿ ಭಾರವನ್ನು ಸೀಟು ಹೊರುತ್ತದೆ. ತೊಡೆಗಳೇ ಮೊದಲು ಸೋಲುತ್ತವೆ.

ಹಾಗಾದರೆ ಎಲ್ಲರೂ ಟ್ರೆಡ್‌ಮಿಲ್ ಹತ್ತಬೇಕೇ? ಇಲ್ಲ. ಆ ಪರೀಕ್ಷೆಗೆ ಬಂದವರು ಆರೋಗ್ಯವಂತರು. ಮಂಡಿ ಸವೆದವರು ಟ್ರೆಡ್‌ಮಿಲ್‌ನಲ್ಲಿ ಹತ್ತು ನಿಮಿಷಕ್ಕೇ ನಿಲ್ಲಿಸಿ, ಮರುದಿನ ನೋವೆಂದು ಬಿಟ್ಟುಬಿಟ್ಟರೆ ಲಾಭವಿಲ್ಲ. ಅವರೇ ಸೈಕಲ್‌ನಲ್ಲಿ ದಿನವೂ ಅರ್ಧ ಗಂಟೆ ತುಳಿದರೆ ವಾರದ ಕೊನೆಗೆ ಹೆಚ್ಚು ಗಳಿಸುವವರು ಅವರೇ.

ಪರದೆಯ ಅಂಕಿಯನ್ನು ಪೂರ್ತಿ ನಂಬಬೇಡಿ

ನಿಮ್ಮ ತೂಕವನ್ನು ನಮೂದಿಸದಿದ್ದರೆ ಯಂತ್ರವು ತಾನೇ ಒಂದು ತೂಕ ಹಿಡಿದು ಲೆಕ್ಕ ಹಾಕುತ್ತದೆ. ಟ್ರೆಡ್‌ಮಿಲ್‌ನ ಹಿಡಿಗಂಬಿಗೆ ಭಾರ ಹಾಕಿ ನಡೆದರೆ ಖರ್ಚು ಇಳಿಯುತ್ತದೆ, ಅಂಕಿ ಮಾತ್ರ ಇಳಿಯುವುದಿಲ್ಲ. ಎಲಿಪ್ಟಿಕಲ್ ಯಂತ್ರಗಳು ಇದ್ದುದಕ್ಕಿಂತ ಹೆಚ್ಚು ತೋರಿಸುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಊಟದ ಲೆಕ್ಕವನ್ನೂ ನೋಡಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ಅರ್ಧ ಗಂಟೆಯ ನಡಿಗೆ ಒಂದು ರೊಟ್ಟಿಗೂ ಸಾಲದು! ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 100 ಕ್ಯಾಲೊರಿ ಹೆಚ್ಚಿಗೆ ಕರಗಿಸಿದರೂ ಅದಕ್ಕೆ 77 ದಿನ ಬೇಕು. ಇದರಿಂದ ನಿರಾಶರಾಗಬೇಡಿ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಹೃದಯ ಬಲಗೊಳ್ಳುತ್ತದೆ. ಪರದೆಯು ಇದನ್ನು ತೋರಿಸುವುದಿಲ್ಲ.

ಯಾರಿಗೆ ಯಾವುದು?

1. ಮಂಡಿ ನೋವು, ಅತಿ ತೂಕ: ಸೈಕಲ್ ಅಥವಾ ಎಲಿಪ್ಟಿಕಲ್.
2. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ನಡಿಗೆಯಲ್ಲಿ ತೋಲ ತಪ್ಪುವವರು: ಸೈಕಲ್. ಬರಿಗಾಲು ಬೇಡ, ಮುಗಿದ ಮೇಲೆ ಪಾದಗಳನ್ನು ನೋಡಿಕೊಳ್ಳಿ.
3. ಸೊಂಟ ನೋವು: ರೋಯಿಂಗ್ ಬೇಡ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ತೊಂದರೆಯಾಗಿರುವವರು ಮುಕ್ಕಿ ಎಳೆಯುವ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.
4. ಹೃದ್ರೋಗಿಗಳು: ವೈದ್ಯರು ಹೇಳಿದಷ್ಟೇ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ಹೆಚ್ಚು ಏರುವುದಿಲ್ಲ. ಆದ್ದರಿಂದ ನಾಡಿಯ ಅಂಕಿಯನ್ನು ಗುರಿಯಾಗಿಸಿಕೊಳ್ಳಬೇಡಿ. ಮಾತನಾಡಲು ಸಾಧ್ಯ, ಹಾಡಲು ಕಷ್ಟ – ಅಷ್ಟು ಶ್ರಮ ಸಾಕು.

ಎಚ್ಚರಿಕೆ

• ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಮೊದಲು ಸಕ್ಕರೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಆರಂಭಿಸಿ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ.
• ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಿ ಸಿಹಿ ತೆಗೆದುಕೊಳ್ಳಿ.
• ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ವಿಪರೀತ ಉಬ್ಬಸ ಬಂದರೆ ನಿಲ್ಲಿಸಿ. 108ಕ್ಕೆ ಕರೆ ಮಾಡಿ.
• ಮೊದಲ 5 ಮತ್ತು ಕೊನೆಯ 5 ನಿಮಿಷ ನಿಧಾನವಾಗಿರಲಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಹೊಲದ ಬದುವಿನ ಮೇಲೆ, ಗುಡಿಯ ಅಂಗಳದಲ್ಲಿ ಬಿರುಸಾಗಿ ನಡೆದರೂ ಲೆಕ್ಕ ಅದೇ.

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ದೊಡ್ಡ ಸ್ಥಾನ ಕೊಟ್ಟರು. ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಿರಬೇಕು. ಯಾವ ಯಂತ್ರ ಹೆಚ್ಚು ಕರಗಿಸುತ್ತದೆ ಎಂದು ಕೇಳುವ ಬದಲು, ಯಾವುದನ್ನು ನೋವಿಲ್ಲದೆ ದಿನವೂ ಮಾಡಬಲ್ಲೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಿಮಗೆ ಒಳ್ಳೆಯ ಯಂತ್ರ ಅದೇ.