ಮರಳಿ ಕಟ್ಟಿದ ರೊಕ್ಕ

2024ರ ಅಕ್ಟೋಬರಿನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಮೊದಲು ಏರ್‌ಏಷ್ಯಾ ಇಂಡಿಯಾ ಎಂದಿದ್ದ ಎಐಎಕ್ಸ್ ಕನೆಕ್ಟ್‌ನಲ್ಲಿ ಅವನ ನೌಕರಿ. ಆ ತಿಂಗಳ 1ರಂದು ಅದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ವಿಲೀನವಾಗಿತ್ತು.

"ಮಾಮಾ, ಮುಂದ ಹೆಂಗೋ ಏನೋ. ಪಿಎಫ್ ರೊಕ್ಕ ತಗದು ಸಿಂಧನೂರಾಗ ಒಂದು ಪ್ಲಾಟ್ ಹಿಡಿಲೇನು?"

ಐದು ವರ್ಷ ದಾಟಿದವರಿಗೆ ಜಾಗಕ್ಕೆಂದು ಪಿಎಫ್ ಮುಂಗಡ ಸಿಗುತ್ತಿತ್ತು. ಅವನು ಅದನ್ನು ವಿಚಾರಿಸಿಕೊಂಡೇ ಕೇಳಿದ್ದ. "ತಡಿ" ಅಂದೆ.

ವಿಲೀನ ನನಗೆ ಹೊಸದಲ್ಲ. ನಾನು 1984ರಲ್ಲಿ ಮಸ್ಕಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಕ್ಲರ್ಕ್ ಆಗಿ ಸೇರಿದವನು. 2005ರಲ್ಲಿ ನಮ್ಮದು ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಕೂಡಿ ಪ್ರಗತಿ ಕೃಷ್ಣಾ. ನಾನು ನಿವೃತ್ತನಾದ ಮೇಲೂ ನಿಲ್ಲಲಿಲ್ಲ: 2019ರಲ್ಲಿ ಕಾವೇರಿ ಸೇರಿತು, 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣವೂ ಸೇರಿ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್. ನಮ್ಮ ಕಡೆಯ ಹಳೆಯ ರೈತರು ಮಾತ್ರ ಈಗಲೂ "ತುಂಗಭದ್ರಾ ಬ್ಯಾಂಕು" ಅನ್ನುತ್ತಾರೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ನಮ್ಮ ಮಸ್ಕಿಯದು. ಬ್ಯಾಂಕಿಗೂ ಅಂಥದೊಂದು ಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

2005ರಲ್ಲಿ ನಾವು ಹೆದರಿದ್ದು ವರ್ಗಾವಣೆಗೆ. ಕೋಲಾರಕ್ಕೆ ಹಾಕುತ್ತಾರೆ, ಸೀನಿಯಾರಿಟಿ ಪಟ್ಟಿಯಲ್ಲಿ ಕೆಳಗೆ ತಳ್ಳುತ್ತಾರೆ ಎಂದು ಚಹಾದಂಗಡಿಯಲ್ಲಿ ತಾಸುಗಟ್ಟಲೆ ಮಾತು. ನಿವೃತ್ತಿಯ ಮೇಲೆ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

2016ರಲ್ಲಿ ಲಿಂಗಸುಗೂರಿನಲ್ಲಿ ಹಾರ ಹಾಕಿಸಿಕೊಂಡು ಬಂದಾಗ ಅದು ತಿಳಿಯಿತು. ಪಿಎಫ್ ಇಡಿಗಂಟಾಗಿ ಬಂತು. ಅದರಲ್ಲಿ ಬ್ಯಾಂಕಿನ ಪಾಲು ಒಂಬತ್ತು ಲಕ್ಷದ ಹತ್ತಿರ. ಪಿಂಚಣಿ ಎಂದು ಬಂದದ್ದು ಇಪಿಎಸ್ ಎಂಬ ನೌಕರರ ಪಿಂಚಣಿ ಯೋಜನೆಯಿಂದ ತಿಂಗಳಿಗೆ ಎರಡೂವರೆ ಸಾವಿರ. ಗಂಟು ಮಗಳ ಮದುವೆಗೆ ಅರ್ಧ, ಸಿಂಧನೂರಿನ ಮನೆಗೆ ಅರ್ಧ ಹೋಯಿತು.

2018ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಗ್ರಾಮೀಣ ಬ್ಯಾಂಕಿನವರಿಗೂ ರಾಷ್ಟ್ರೀಕೃತ ಬ್ಯಾಂಕುಗಳಂತೆ ಪಿಂಚಣಿ ಎಂಬುದನ್ನು ಎತ್ತಿಹಿಡಿಯಿತು. ಕರ್ನಾಟಕ, ರಾಜಸ್ಥಾನ ಹೈಕೋರ್ಟುಗಳನ್ನು ಹಾದು ಬಂದ ಕೇಸು ಅದು. ಆದರೆ ಮೊದಲೇ ನಿವೃತ್ತರಾದವರು ಪಿಎಫ್‌ನಲ್ಲಿ ಪಡೆದ ಬ್ಯಾಂಕಿನ ಪಾಲನ್ನು ಬಡ್ಡಿ ಸಹಿತ ಮರಳಿ ಕಟ್ಟಬೇಕಿತ್ತು.

ಕಟ್ಟಲು ಕೈಯಲ್ಲಿ ಏನಿತ್ತು? ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆ. ಒಂಬತ್ತು ಲಕ್ಷ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 63,000, ತಿಂಗಳಿಗೆ 5,250. ಪಿಂಚಣಿಯಾದರೆ ತಿಂಗಳಿಗೆ ಇಪ್ಪತ್ತು ಸಾವಿರ, ನಾನು ಹೋದರೆ ಹೆಂಡತಿಗೆ ಕುಟುಂಬ ಪಿಂಚಣಿ. ನಾಲ್ಕು ವರ್ಷದೊಳಗೆ ಕಟ್ಟಿದ್ದು ವಾಪಸ್. ಇವಳು ಅಂಕಿ ನೋಡಿದಳು, ಒಳಗೆ ಹೋಗಿ ಬಂಗಾರದ ಡಬ್ಬಿ ತಂದಿಟ್ಟಳು. "ಮದುವಿ ಆತು. ಇನ್ನ ಇದು ಯಾರಿಗೆ ಬೇಕು?" ಭತ್ತದ ರಾಶಿ ಮುಗಿದಿತ್ತು, ಭಾವ ಎರಡು ಲಕ್ಷ ಕೈಗಡ ಕೊಟ್ಟರು. ಕಟ್ಟಿದೆವು.

ನನ್ನ ಜೊತೆ ಸೇರಿದ್ದ ಗೆಳೆಯನೊಬ್ಬ "ಎಷ್ಟು ದಿನ ಬದುಕ್ತೀನೋ" ಎಂದು ಕಟ್ಟದೆ ಬಿಟ್ಟ. ದೇವರ ದಯೆ, ಗಟ್ಟಿಯಾಗಿದ್ದಾನೆ. ಔಷಧಿಗೆ ಮಾತ್ರ ಮಗನ ಕೈ ನೋಡಬೇಕು. ಅವನನ್ನು ಕಂಡಾಗಲೆಲ್ಲ, ಅವತ್ತು ಕೂಡಿಸಿಕೊಂಡು ಲೆಕ್ಕ ಬಿಡಿಸಿ ಹೇಳಲಿಲ್ಲವಲ್ಲ ಎಂಬ ಸಂಕಟ ನನಗೆ.

ಅದಕ್ಕೇ ಅಕ್ಕನ ಮಗನಿಗೆ ಹೇಳಿದೆ: ಕಂಪನಿಯ ಹೆಸರು ಏನಾದರೂ ಆಗಲಿ, ನಿನ್ನ ಪಿಎಫ್ ನಂಬರ್, ಯುಎಎನ್, ಒಂದೇ. ಹಳೆಯ ಪಿಎಫ್ ಹೊಸ ಖಾತೆಗೆ ವರ್ಗ ಮಾಡಿಸು. ಬಿಟ್ಟ ದಿನ, ಸೇರಿದ ದಿನ ಸರಿ ಬಿದ್ದಿದೆಯಾ ನೋಡು. ಇಪಿಎಸ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿನ್ನದು ಎಂಟಾಗಿದೆ.

ಸಂಕ್ರಾಂತಿಗೆ ಬಂದಾಗ ಪಿಎಫ್ ಸರ್ವಿಸ್ ಹಿಸ್ಟರಿ ಪ್ರಿಂಟ್ ತೆಗೆಸಿಕೊಂಡೇ ಬಂದಿದ್ದ. ಕನ್ನಡಕ ಹಾಕಿಕೊಂಡು ಸಾಲು ಸಾಲು ನೋಡಿದೆ. ಬಿಟ್ಟದ್ದು ಸೆಪ್ಟೆಂಬರ್ 30, ಸೇರಿದ್ದು ಅಕ್ಟೋಬರ್ 1. ನಡುವೆ ಒಂದು ದಿನವೂ ಸೋರಿರಲಿಲ್ಲ. ಪ್ಲಾಟಿನ ಮಾತು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.