ಮನೆ ನೋಡುವ ಮುಂಚೆ ನೀರು ನೋಡಿ

ತೇರದಾಳದಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರನ್ನು ಮುಂದೇನು ಎಂದು ಕೇಳಿದರೆ ಹೆಚ್ಚಾಗಿ ಬರುವ ಉತ್ತರ ಎರಡೇ. ಪುಣೆ, ಇಲ್ಲವೇ ಬೆಂಗಳೂರು. ನಮ್ಮ ಅಪ್ಪನ ವಾರಿಗೆಯವರು ಇಚಲಕರಂಜಿಗೆ, ಸಾಂಗಲಿಗೆ ಹೋಗುತ್ತಿದ್ದರು. ಮಗ್ಗ ಗೊತ್ತಿದ್ದವರಿಗೆ ಅಲ್ಲಿಯೂ ಮಗ್ಗವೇ ಇತ್ತು, ಶನಿವಾರ ಪಗಾರ ಸಿಕ್ಕರೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದರು. ಬೆಂಗಳೂರಿಗೆ ಹೋದವರಿಗೆ ಆ ಅನುಕೂಲವಿಲ್ಲ. ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ, ಒಂದು ಇಡೀ ರಾತ್ರಿಯ ಪ್ರಯಾಣ. ಹೋದವರು ಅಲ್ಲಿಯೇ ಒಂದು ಬದುಕು ಕಟ್ಟಿಕೊಳ್ಳಬೇಕಾಗುತ್ತದೆ.

ನಾನು ಬಂದದ್ದು 2012ರಲ್ಲಿ. ಮನೆಯಲ್ಲಿ ಪಾವರಲೂಮ್ ಇತ್ತು. ನೂಲಿನ ದರ ಏರುತ್ತಿತ್ತು, ಸೀರೆಯ ದರ ನಿಂತಲ್ಲೇ ನಿಂತಿತ್ತು, ಇಬ್ಬರು ಗಂಡುಮಕ್ಕಳು ಅದರ ಮೇಲೆಯೇ ಬದುಕುವುದು ಆಗದ ಮಾತಾಗಿತ್ತು. ಪೀಣ್ಯದಲ್ಲಿ ಮಷೀನ್ ಶಾಪಿನ ಕೆಲಸ ಸಿಕ್ಕಿತು. ಆಗಿನಿಂದ ನಾಗಸಂದ್ರ, ದಾಸರಹಳ್ಳಿ, ಹೆಗ್ಗನಹಳ್ಳಿ ಕಡೆಯೇ ನನ್ನ ವಾಸ. ಈ ಬಡಾವಣೆಗಳಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಜನ ಎಷ್ಟಿದ್ದಾರೆಂದರೆ ಸಂಜೆ ಹೊತ್ತು ಕಿರಾಣಿ ಅಂಗಡಿಯ ಮುಂದೆ ನಿಂತರೆ ನಮ್ಮ ಮಾತೇ ಕಿವಿಗೆ ಬೀಳುತ್ತದೆ. ಊರಿನಿಂದ ಫೋನ್ ಮಾಡಿ "ಅಣ್ಣಾ, ನಾನೂ ಬರ್ಲೇನು?" ಎಂದು ಕೇಳುವ ಹುಡುಗರಿಗೆ ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು ಈ ಊರು ಬೆಳೆಯುವ ರೀತಿ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು 57 ಲಕ್ಷ. 2011ರಲ್ಲಿ ಅದು 85 ಲಕ್ಷ. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ದಾಸರಹಳ್ಳಿ ಆ ಏಳರಲ್ಲಿ ಒಂದು. ಕಾಗದದಲ್ಲಿ ಹಳ್ಳಿಗಳು ಒಂದೇ ದಿನದಲ್ಲಿ ನಗರವಾದವು. ಕೊಳವೆ, ಚರಂಡಿ, ರಸ್ತೆ ಬರಲು ಹದಿನೈದು ಇಪ್ಪತ್ತು ವರ್ಷ ಹಿಡಿಯಿತು, ಕೆಲವು ಕಡೆ ಇನ್ನೂ ಬಂದಿಲ್ಲ. ಮಗ್ಗದ ಮೇಲಿರುವ ಸೀರೆಯಂತೆ ಈ ಊರು: ಒಂದು ತುದಿ ನೆಯ್ದು ಸುತ್ತಿಟ್ಟಿದೆ, ಇನ್ನೊಂದು ತುದಿ ಬರೀ ನೂಲು. ಹೊಸದಾಗಿ ಬಂದವರ ಕೈಗೆಟಕುವ ಬಾಡಿಗೆ ಇರುವುದು ಆ ನೂಲಿನ ತುದಿಯಲ್ಲಿ. ಮಲ್ಲೇಶ್ವರ, ಜಯನಗರದ ಮರದ ನೆರಳಿನ ಬೀದಿಗಳನ್ನು ಫೋಟೋದಲ್ಲಿ ನೋಡಿ ಹೊರಟವರು ಇಳಿಯುವುದು ಅರ್ಧ ಮುಗಿದ ಮೋರಿಯ ಪಕ್ಕದ ಮೂರನೇ ಮಹಡಿಯಲ್ಲಿ. ಇದು ತಿಳಿದಿದ್ದರೆ ಮನಸ್ಸು ಮುರಿಯುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು ನೀರಿನದು. ನಮ್ಮದು ಕೃಷ್ಣಾ ದಂಡೆಯ ಸೀಮೆ. ನಮಗೆ ನೀರೆಂದರೆ ಹೆಚ್ಚಾಗಿ ಬಂದು ಕಾಡಿದ್ದೇ ನೆನಪು. 2005ರಲ್ಲಿ ಬಂದಿತ್ತು, 2019ರ ಆಗಸ್ಟಿನಲ್ಲಿ ತಮದಡ್ಡಿ ಕಡೆಯ ಜನ ದನಕರು ಹೊಡೆದುಕೊಂಡು ಮನೆ ಬಿಟ್ಟು ಬಂದದ್ದನ್ನು ಎಲ್ಲರೂ ಕಂಡಿದ್ದೇವೆ. ಕಬ್ಬು, ಅರಿಸಿನ ಬೆಳೆಯುವ ನೆಲದಿಂದ ಬಂದವರಿಗೆ ನೀರು ಕೊಳ್ಳುವ ವಸ್ತು ಎಂಬುದೇ ತಲೆಗೆ ಹೋಗುವುದಿಲ್ಲ. ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲಕ್ಕೆ ಎತ್ತಿ ತರುತ್ತಾರೆ. ಅದು ತಲುಪದ ಕಡೆ ಕೊಳವೆ ಬಾವಿ, ಅದೂ ಬತ್ತಿದರೆ ಟ್ಯಾಂಕರ್.

2024ರ ಮಾರ್ಚ್ ನೆನಪಿದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಸಾವಿರಾರು ಕೊಳವೆ ಬಾವಿಗಳು ಬತ್ತಿದ್ದವು. ನಾವಿದ್ದ ಕಟ್ಟಡದಲ್ಲಿ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ನೀರು ಬಿಡುತ್ತಿದ್ದರು. ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳತೊಡಗಿದಾಗ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ಮೇಲೆ ಜಿಎಸ್‌ಟಿ. ಆ ಹೊತ್ತಿಗೆ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಟ್ಯಾಂಕರಿನವನಿಗೆ ನಾನು ಪಾಲಿನ ಹಣ ಕೊಡುವುದನ್ನು ನೋಡಿ, "ಅಲ್ಲೋ ತಮ್ಮಾ, ಬಳಸೂ ನೀರಿಗೂ ರೊಕ್ಕ ಕೊಡೂ ಊರಾಗ ಹ್ಯಾಂಗ ಬಾಳೇ ಮಾಡ್ತೀರೋ!" ಎಂದಳು. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು, ಮುಖ್ಯವಾಗಿ 2007ರಲ್ಲಿ ಸೇರಿದ ಆ 110 ಹಳ್ಳಿಗಳಿಗಾಗಿ. ಆದರೆ ನಗರಕ್ಕೆ ನೀರು ಬಂದ ಮಾತ್ರಕ್ಕೆ ನೀವು ಬಾಡಿಗೆ ಹಿಡಿಯುವ ಮನೆಗೆ ಬಂತೆಂದಲ್ಲ. ಮಾಲೀಕರು ಸಂಪರ್ಕಕ್ಕೆ ಹಣ ಕಟ್ಟಿರಬೇಕು, ಬೀದಿಗೆ ಕೊಳವೆ ಬಂದಿರಬೇಕು.

ಮನೆ ನೋಡಲು ಹೋದಾಗ ಗೋಡೆಯ ಬಣ್ಣ, ಟೈಲ್ಸು ಆಮೇಲೆ ನೋಡಿ. ಕಾವೇರಿ ಸಂಪರ್ಕ ಇದೆಯೋ ಇಲ್ಲವೋ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಒಂದೇ ಸಂಪಿನ ಮೇಲೆ ಎಷ್ಟು ಮನೆ ಇವೆ, ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ದುಡ್ಡು ಯಾರದು ಎಂದು ಕೇಳಿ. ಓನರ್ ಹೇಳುವ ಉತ್ತರವನ್ನು ನಂಬಬೇಡಿ ಎನ್ನಲಾರೆ. ಆದರೆ ಕೆಳಗಿನ ಮನೆಯ ಹೆಂಗಸರನ್ನೋ ಮೂಲೆಯ ಇಸ್ತ್ರಿ ಅಂಗಡಿಯವರನ್ನೋ ಒಮ್ಮೆ ಕೇಳಿ ನೋಡಿ. ಬೀದಿಯ ನೀರಿನ ಲೆಕ್ಕ ಅವರಿಗೆ ಗೊತ್ತಿರುತ್ತದೆ. ಸಾಧ್ಯವಾದರೆ ಮನೆ ಹುಡುಕುವುದನ್ನು ಮಾರ್ಚ್, ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ಎಲ್ಲ ನಲ್ಲಿಗಳಲ್ಲೂ ನೀರು ಬರುತ್ತದೆ.

ಎರಡನೆಯದು ಅಡ್ವಾನ್ಸ್. ನಮ್ಮ ಕಡೆ ಬಾಡಿಗೆ ಮನೆಗೆ ಒಂದೆರಡು ತಿಂಗಳ ಹಣ ಇಟ್ಟರೆ ಆಯಿತು. ಬೆಂಗಳೂರಿನಲ್ಲಿ ಬಹಳ ಕಾಲ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದೇ ರೂಢಿಯಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರು ಇದ್ದಾರೆ. ಬ್ರೋಕರ್ ಮೂಲಕ ಹೋದರೆ ಅವರಿಗೆ ಒಂದು ತಿಂಗಳ ಬಾಡಿಗೆ. ಸಂಬಳ ಎಷ್ಟು ಎಂದು ಕೇಳುವ ತಂದೆ ತಾಯಂದಿರು ಈ ಗಂಟಿನ ಬಗ್ಗೆ ಕೇಳುವುದಿಲ್ಲ, ಮಗನೂ ಹೇಳುವುದಿಲ್ಲ. ಕೊನೆಗೆ ಅದು ಕೈಸಾಲವಾಗುತ್ತದೆ, ಮೊದಲ ವರ್ಷದ ದುಡಿಮೆಯೆಲ್ಲ ಅದನ್ನು ತೀರಿಸಲು ಹೋಗುತ್ತದೆ. ಹೊರಡುವ ಮುಂಚೆ ಈ ಹಣ ಎಲ್ಲಿಂದ ಎಂಬುದು ಮನೆಯಲ್ಲಿ ಕೂತು ಮಾತಾಡಿ ತೀರ್ಮಾನವಾಗಬೇಕು.

ಕರಾರು ಹನ್ನೊಂದು ತಿಂಗಳಿಗೆ ಮಾಡುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ ಎಂಬುದೇ ಕಾರಣ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿಯ ಪದ್ಧತಿ. ಅದಕ್ಕೆ ಸಿದ್ಧವಾಗಿಯೇ ಇರಿ. ಆದರೆ ಒಂದು ಮನೆ ಬಿಡುವಾಗ ನನ್ನಿಂದ ಬಣ್ಣಕ್ಕೆ ಹಿಡಿದದ್ದಲ್ಲದೆ, ನಾವು ಬರುವ ಮುಂಚೆಯೇ ಒಡೆದಿದ್ದ ಸಿಂಕಿಗೂ, ಕಿಟಕಿಯ ಗಾಜಿಗೂ ಹಣ ಮುರಿದುಕೊಂಡರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆಮೇಲಿನಿಂದ ಯಾವ ಮನೆಗೆ ಹೋದರೂ ಸಾಮಾನು ಇಳಿಸುವ ಮುಂಚೆ ಮೊಬೈಲಿನಲ್ಲಿ ಮನೆಯ ಮೂಲೆ ಮೂಲೆಯ ವಿಡಿಯೊ ತೆಗೆದು ಓನರಿಗೇ ವಾಟ್ಸ್‌ಆಪ್ ಮಾಡುತ್ತೇನೆ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡುತ್ತೇನೆ.

ಲೀಸ್ ಎಂಬ ಇನ್ನೊಂದು ದಾರಿ ಇದೆ. ಐದೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ಹೊಲ ಮಾರಿಯೋ ಬಂಗಾರ ಅಡವಿಟ್ಟೋ ಆ ಹಣ ತರುವವರು ನಮ್ಮ ಕಡೆಯಲ್ಲಿ ಇದ್ದಾರೆ, ಅವರಿಗಾಗಿ ನನಗೆ ನಿಜಕ್ಕೂ ಭಯವಾಗುತ್ತದೆ. ಓನರ್ ಆ ಕಟ್ಟಡದ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ಲೀಸಿನಲ್ಲಿ ಇದ್ದವರು ಹಣವೂ ಇಲ್ಲ, ಮನೆಯೂ ಇಲ್ಲ ಎಂದು ಬೀದಿಯಲ್ಲಿ ನಿಲ್ಲುತ್ತಾರೆ. ಇಂಥ ಪ್ರಕರಣಗಳು ಬೆಂಗಳೂರಿನಲ್ಲಿ ಮೇಲಿಂದ ಮೇಲೆ ಆಗುತ್ತಿವೆ. ಋಣಭಾರ ಪತ್ರ ತೆಗೆಸಿ ನೋಡದೆ, ಕರಾರನ್ನು ನೋಂದಣಿ ಮಾಡಿಸದೆ ಲೀಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಓನರ್ ನೋಂದಣಿಗೆ ಒಪ್ಪದಿದ್ದರೆ ಆ ಮನೆ ನಿಮ್ಮದಲ್ಲ ಎಂದು ಎದ್ದು ಬನ್ನಿ.

ದಾರಿಯ ಮಾತು ಚಿಕ್ಕದು. ಮನೆ ಮತ್ತು ಕೆಲಸದ ನಡುವಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಬೆಳಿಗ್ಗೆ ಒಂಬತ್ತು ಗಂಟೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಂದು ದಿನ ಹೋಗಿ ನೋಡಿ. ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರ ಮಾರ್ಚ್ 1ರಂದು, ನಾಗಸಂದ್ರಕ್ಕೆ ಮರುವರ್ಷ, ಮಾದಾವರಕ್ಕೆ 2024ರ ನವೆಂಬರಿನಲ್ಲಿ. ಅದು ಬಂದ ಮೇಲೆ ನಮ್ಮ ಕಡೆಯವರ ಬದುಕು ಹಗುರವಾಯಿತು, ಆದರೆ ನಿಲ್ದಾಣದ ಹತ್ತಿರದ ಬಾಡಿಗೆಯೂ ಅದೇ ವೇಗದಲ್ಲಿ ಏರಿತು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಬಿಎಂಟಿಸಿ ತಿಂಗಳ ಪಾಸು ಇಂದಿಗೂ ಕೂಲಿಕಾರನ ಗೆಳೆಯ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಹೀಗಾಗಿಯೇ ಅವ್ವ ಈಗ ನನ್ನನ್ನು ಕೇಳದೆ ಕೆಂಪು ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತಾಳೆ.

ಕೆಲಸದ ವಿಷಯದಲ್ಲಿ ಪೀಣ್ಯ ಕಲಿಸಿದ್ದು ಬಹಳ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆನಿಸಿದ ಅಲ್ಲಿ ಕೈಕೆಲಸ ಬಲ್ಲವನಿಗೆ ಕೆಲಸವಿದೆ. ಆದರೆ ಹೆಚ್ಚಿನವರು ಸೇರುವುದು ಗುತ್ತಿಗೆದಾರನ ಕೈಕೆಳಗೆ. ಕೆಲಸ ಕೊಡಿಸುತ್ತೇವೆಂದು ಮುಂಚೆಯೇ ಹಣ ಕೇಳುವವರ ಹತ್ತಿರ ಹೋಗಲೇಬೇಡಿ. ಸೇರಿದ ಮೊದಲ ತಿಂಗಳೇ ಪಿಎಫ್ ಮತ್ತು ಇಎಸ್‌ಐ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿ ಬದಲಾದರೂ ಪಿಎಫ್‌ನ ಯುಎಎನ್ ಬದಲಾಗುವುದಿಲ್ಲ, ಹೊಸ ಕಡೆ ಅದನ್ನೇ ಕೊಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಹೋಗುವುದು ಶೇಕಡ 0.75 ಮಾತ್ರ, ಮಾಲೀಕರು ಶೇಕಡ 3.25 ಕಟ್ಟುತ್ತಾರೆ. ಅವಲಂಬಿತ ತಂದೆ ತಾಯಿಯ ಹೆಸರನ್ನೂ ಅದರಲ್ಲಿ ಸೇರಿಸಬಹುದು. ಅಪ್ಪನ ಹೆಸರು ಸೇರಿಸಿದ್ದರಿಂದ ಅವರ ಶಸ್ತ್ರಚಿಕಿತ್ಸೆಗೆ ನಾವು ಸಾಲ ಮಾಡಲಿಲ್ಲ. ಎಷ್ಟೋ ಹುಡುಗರು ಇದನ್ನು ತಿಳಿಯದೆ ಪ್ರತಿ ತಿಂಗಳು ಹಣ ಮಾತ್ರ ಕಟ್ಟುತ್ತಿದ್ದಾರೆ.

ಊಟಕ್ಕೆ ಅಂಜಬೇಕಿಲ್ಲ. ನಮ್ಮ ಕಡೆಯ ಖಾನಾವಳಿಗಳು, ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಅಕ್ಕಂದಿರು ಈಗ ಎಲ್ಲ ಕಡೆ ಇದ್ದಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಿಗುತ್ತವೆ. ಮಾತಿಗೂ ಅಂಜಬೇಕಿಲ್ಲ. ನಮ್ಮ ಮಾತು ಕೇಳಿ ನಗುವವರು ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಹುಡುಗರು ನಾಚಿ ಮಾತು ಬದಲಿಸಿಕೊಳ್ಳುತ್ತಾರೆ, ಕೆಲವರು ಮಾತಾಡುವುದನ್ನೇ ಕಡಿಮೆ ಮಾಡುತ್ತಾರೆ. ನನಗೆ ಇದು ಬಹಳ ನೋವು ಕೊಡುತ್ತದೆ. ತೇರದಾಳದ ನೇಮಿನಾಥ ಬಸದಿಯ 1123ರ ಶಾಸನವನ್ನು ನೆನೆಯಿರಿ, ಕುಂಡಿ ಮೂರುಸಾವಿರ ನಾಡಿನ ನಡುವಿನ ಊರಾಗಿ ಆಗಲೇ ಹೆಸರಾಗಿದ್ದ ನೆಲದ ಮಾತು ನಿಮ್ಮದು. ಅದನ್ನು ತಲೆಯೆತ್ತಿ ಆಡಿ. ಹಾಗೆಯೇ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್, ಹಿಂದಿ ಕಲಿಯಿರಿ.

ಕಾಗದಪತ್ರದ ಬಗ್ಗೆ ಎರಡು ಮಾತು. ರೇಷನ್ ಕಾರ್ಡ್ ಊರಿನದೇ ಇದ್ದರೂ ಅದರ ಮೇಲೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಮನೆ ಬಿಡುವಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ ನಿಮ್ಮ ಆಧಾರ್ ಜೋಡಣೆ ತೆಗೆಸಿದರೆ ಮಾತ್ರ ಹೊಸ ಮನೆಗೆ ಸಿಗುತ್ತದೆ.

ಊರಿನ ದೂರ ಮಾತ್ರ ಕರಗುವುದಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಕುಡಚಿಯಲ್ಲಿಳಿದು ಹಾರೂಗೇರಿ ಮೇಲೆ ಬರಬೇಕು, ಇಲ್ಲವೇ ರಾತ್ರಿ ಬಸ್ಸು. ಬಾಗಲಕೋಟೆ–ಕುಡಚಿ ರೈಲು ಮಾರ್ಗ 2010ರ ಸುಮಾರಿಗೆ ಮಂಜೂರಾದದ್ದು ಇನ್ನೂ ಪೂರ್ತಿ ಮುಗಿದಿಲ್ಲ. ದೀಪಾವಳಿಗೆ ಖಾಸಗಿ ಬಸ್ಸಿನ ದರ ಎರಡು ಮೂರು ಪಟ್ಟಾಗುತ್ತದೆ. ರೈಲಿನ ಟಿಕೆಟ್ ಅರವತ್ತು ದಿನ ಮುಂಚೆ ತೆರೆಯುತ್ತದೆ, ಅಂದೇ ತೆಗೆಸಿಡಿ. ಊರಿನಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದ ಸುದ್ದಿ ಬಂದರೆ ಆ ರಾತ್ರಿಯೇ ಹೊರಡಲು ಬೇಕಾದಷ್ಟು ಹಣವನ್ನು ಬೇರೆಯಾಗಿ ಇಟ್ಟಿರಿ, ಅದನ್ನು ಯಾವುದಕ್ಕೂ ಮುಟ್ಟಬೇಡಿ.

ಕಡೆಯದಾಗಿ, ಬೆಂಗಳೂರಿನಲ್ಲಿ ಈಗಾಗಲೇ ನೆಲೆ ನಿಂತ ನಮ್ಮ ಕಡೆಯವರಲ್ಲಿ ಒಂದು ವಿನಂತಿ. ಊರಿನಿಂದ ಹೊಸ ಹುಡುಗನೋ ಹುಡುಗಿಯೋ ಬಂದರೆ ಮನೆ ಸಿಗುವವರೆಗೆ ನಿಮ್ಮ ಮನೆಯಲ್ಲಿ ಒಂದು ಚಾಪೆ ಹಾಸಲು ಜಾಗ ಕೊಡಿ. ಕರಾರಿಗೆ ಸಹಿ ಹಾಕುವ ದಿನ ಜೊತೆಗೆ ಹೋಗಿ, ನೀರಿನ ಬಗ್ಗೆ ನೀವೇ ಕೇಳಿ. ನನ್ನನ್ನೂ ಹಾಗೆ ಒಬ್ಬ ಕಾಕಾ ಲಗ್ಗೆರೆಯ ತಮ್ಮ ಒಂದೇ ಕೋಣೆಯ ಮನೆಯಲ್ಲಿ ಇಟ್ಟುಕೊಂಡಿದ್ದರು.