ದ್ರಾಕ್ಷಾಮದ್ಯದ ಸಣ್ಣ ಬೆಳೆಗಾರರೂ ರುಚಿ ಪರೀಕ್ಷಕರ ಅಂಕಗಳೂ

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ ಬೋರ್ಡೋ ಸೀಮೆಯಲ್ಲಿ, ಹೆಸರಾದ ತೋಟಗಳ ದ್ರಾಕ್ಷಾಮದ್ಯವನ್ನು ಪೀಪಾಯಿಯಲ್ಲಿರುವಾಗಲೇ ಮಾರುವ ಪದ್ಧತಿಯುಂಟು. ಶರತ್ಕಾಲದಲ್ಲಿ ಹಣ್ಣನ್ನು ಕೊಯ್ದು ಹುದುಗೆಬ್ಬಿಸಿದ ತರುವಾಯ, ಮುಂದಿನ ವಸಂತದಲ್ಲಿ ವರ್ತಕರೂ ಪರೀಕ್ಷಕರೂ ಬಂದು ಮಾದರಿಗಳ ರುಚಿ ನೋಡುತ್ತಾರೆ. ಆಗಲೇ ಬೆಲೆಯು ನಿಶ್ಚಯವಾಗುವುದು. ಸರಕು ಸೀಸೆಯಲ್ಲಿ ತುಂಬಿ ಕೊಂಡವನ ಕೈಸೇರುವುದು ಬಹುಕಾಲದ ಮೇಲೆ. ಪೈರು ಕಣಕ್ಕೆ ಬರುವ ಮೊದಲೇ ಮುಂಗಡ ಪಡೆಯುವುದನ್ನು ಬಲ್ಲ ರೈತರಿಗೆ ಇದರ ಅನುಕೂಲವನ್ನೂ ಅಪಾಯವನ್ನೂ ವಿವರಿಸಬೇಕಾಗಿಲ್ಲ.

ಈ ವ್ಯಾಪಾರದಲ್ಲಿ ಬಹು ವರ್ಷಗಳ ಕಾಲ ಒಬ್ಬನೇ ಮನುಷ್ಯನ ನಾಲಗೆಯು ಬೆಲೆಯನ್ನು ಏರಿಸಿ ಇಳಿಸುತ್ತಿದ್ದಿತು. ಅಮೆರಿಕಾದ ಮೇರಿಲ್ಯಾಂಡ್ ಪ್ರಾಂತದ ರಾಬರ್ಟ್ ಪಾರ್ಕರ್ ಎಂಬವರು ಮೊದಲು ವಕೀಲರಾಗಿದ್ದರು. ಅವರು 1978ರಲ್ಲಿ ಪತ್ರಿಕೆಯೊಂದನ್ನು ಹೊರಡಿಸಿ, ಶಾಲೆಯ ಪರೀಕ್ಷೆಯಲ್ಲಿರುವಂತೆ, ಪ್ರತಿಯೊಂದು ಮದ್ಯಕ್ಕೂ ನೂರಕ್ಕೆ ಇಷ್ಟೆಂದು ಅಂಕಗಳನ್ನು ಕೊಟ್ಟರು. 1982ರ ಫಸಲನ್ನು ಅವರು ಮುಕ್ತಕಂಠದಿಂದ ಹೊಗಳಿದಂದಿನಿಂದ ವರ್ತಕರು ಅವರ ಮಾತಿಗೆ ಕಾಯತೊಡಗಿದರು. 2003ರ ವಸಂತದಲ್ಲಿ ಅವರು ಎಂದಿನಂತೆ ಬೋರ್ಡೋವಿಗೆ ಬರಲಿಲ್ಲ. ಅಂಕಗಳು ಪ್ರಕಟವಾಗುವ ಮೊದಲೇ ಬೆಲೆಗಳನ್ನು ಕಟ್ಟಬೇಕಾಯಿತು. ಅರ್ಥಶಾಸ್ತ್ರಜ್ಞರು ಆ ವರ್ಷವನ್ನು ಬೇರೆ ವರ್ಷದೊಡನೆ ಹೋಲಿಸಿ, ಪಾರ್ಕರರ ಅಂಕಗಳ ಬೆಲೆ ಸೀಸೆಯೊಂದಕ್ಕೆ ಸರಾಸರಿ 2.80 ಯೂರೋ ಎಂದು ಗಣಿಸಿದರು.

ಇದರಿಂದ ಸಣ್ಣ ಹಿಡುವಳಿದಾರರಿಗೆ ಲಾಭವಾಗಲಿಲ್ಲವೆಂದು ಹೇಳಲಾಗದು. ಸೇಂತ್ ಎಮಿಲಿಯೋಂ ಎಂಬ ಊರಿನಲ್ಲಿ, ಹಿಂದೆ ಬ್ಯಾಂಕಿನ ನೌಕರಿಯಲ್ಲಿದ್ದ ಝಾಂ ಲುಕ್ ತ್ಯುನೆವ್ಯಾಂ ಎಂಬವರೂ ಅವರ ಪತ್ನಿಯೂ 1989ರಲ್ಲಿ ಸುಮಾರು ಒಂದೂವರೆ ಎಕರೆ ನೆಲವನ್ನು ಕೊಂಡು, 1991ರಲ್ಲಿ ವಾಲಾಂದ್ರೋ ಎಂಬ ಮದ್ಯವನ್ನು ಮನೆಯ ಮೋಟಾರು ಕೊಟ್ಟಿಗೆಯಲ್ಲೇ ತಯಾರಿಸಿದರು. ವಂಶದ ಹೆಸರಾಗಲಿ, ದೊಡ್ಡ ಬಂಗಲೆಯಾಗಲಿ ಅವರಿಗಿರಲಿಲ್ಲ. ಪಾರ್ಕರರ ಹೊಗಳಿಕೆಯಿಂದ ಅವರ ಸರಕಿಗೆ ಶತಮಾನಗಳ ಖ್ಯಾತಿಯುಳ್ಳ ತೋಟಗಳಿಗೆ ಸಮನಾದ ಬೆಲೆ ಬಂದಿತು. 2012ರಲ್ಲಿ ಆ ತೋಟವು ಊರಿನ ಮೊದಲನೆಯ ವರ್ಗಕ್ಕೇ ಸೇರಿತು.

ಆದರೆ ಒಬ್ಬರಿಗೆ ಫಲಿಸಿದುದನ್ನು ನೆರೆಯವರೆಲ್ಲರೂ ಅನುಸರಿಸಹೊರಟಾಗ ತೊಂದರೆ ಮೊದಲಾಯಿತು. ಪಾರ್ಕರರಿಗೆ ದಟ್ಟವಾದ, ಚೆನ್ನಾಗಿ ಪಕ್ವವಾದ ಹಣ್ಣಿನ ಮದ್ಯವೇ ಪ್ರಿಯವೆಂದು ಪ್ರತೀತಿ. ಅದಕ್ಕಾಗಿ ಕೆಲವರು ಬಳ್ಳಿಯಲ್ಲಿನ ಹಸಿರು ಗೊಂಚಲುಗಳನ್ನು ಅರ್ಧದಷ್ಟು ಕಿತ್ತು ನೆಲಕ್ಕೆಸೆದರು. ಮಳೆಯ ಭಯವಿದ್ದರೂ ಕೊಯ್ಲನ್ನು ಮುಂದೂಡಿದರು. 225 ಲೀಟರಿನ ಹೊಸ ಓಕ್ ಪೀಪಾಯಿಗಳಿಗೆ ವರ್ಷವರ್ಷವೂ ಹಣ ಸುರಿದರು. ಇಷ್ಟಾದರೂ 90ಕ್ಕೆ ಬದಲಾಗಿ 86 ಬಂದರೆ, ದೊಡ್ಡ ತೋಟದವನು ಹೆಸರಿನ ಬಲದಿಂದ ತಾಳಿಕೊಂಡಾನು. ಐದಾರು ಎಕರೆಯವನಿಗೆ ಆ ನಾಲ್ಕು ಅಂಕಗಳೇ ವರ್ಷದ ಗಂಜಿ.

ಆ ನಾಲ್ಕು ಅಂಕಗಳು ಎಷ್ಟು ದೃಢವಾದವು? ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಮದ್ಯಶಾಲೆಯ ಒಡೆಯರಾದ ರಾಬರ್ಟ್ ಹಾಡ್ಜ್‌ಸನ್ ಎಂಬ ನಿವೃತ್ತ ಅಧ್ಯಾಪಕರು 2005ರಿಂದ ಆ ಸಂಸ್ಥಾನದ ಮೇಳದಲ್ಲಿ ಇದನ್ನೇ ಪರೀಕ್ಷಿಸಿದರು. ತೀರ್ಪುಗಾರರಿಗೆ ತಿಳಿಯದಂತೆ ಒಂದೇ ಸೀಸೆಯ ಮದ್ಯವನ್ನು ಮೂರು ಲೋಟಗಳಲ್ಲಿ, ಬೇರೆ ಮದ್ಯಗಳ ನಡುವೆ ಬೆರೆಸಿ, ಕೊಡಿಸಿದರು. ಮೂರಕ್ಕೂ ಒಂದೇ ದರ್ಜೆಯ ತೀರ್ಪಿತ್ತವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಸಾಮಾನ್ಯ ತೀರ್ಪುಗಾರನ ಅಂಕವು ನಾಲ್ಕು ಮೇಲಕ್ಕೋ ನಾಲ್ಕು ಕೆಳಕ್ಕೋ ಓಲಾಡುತ್ತಿದ್ದಿತು. ಬಳಿಕ ಹಲವು ಸ್ಪರ್ಧೆಗಳ ಫಲಿತಾಂಶಗಳನ್ನು ಕೂಡಿಸಿ ನೋಡಲಾಗಿ, ಮೂರಕ್ಕಿಂತ ಹೆಚ್ಚು ಕಡೆ ಸ್ಪರ್ಧಿಸಿ ಎಲ್ಲಿಯೋ ಚಿನ್ನದ ಪದಕ ಪಡೆದ ಮದ್ಯಗಳಲ್ಲಿ ನೂರಕ್ಕೆ 84 ಇನ್ನೊಂದು ಕಡೆ ಯಾವ ಬಹುಮಾನವನ್ನೂ ಪಡೆಯದೆ ಹಿಂತಿರುಗಿದ್ದುವು.

ಪಾರ್ಕರರು 2019ರಲ್ಲಿ ನಿವೃತ್ತರಾದರು. ಅಂಕ ಹಾಕುವ ಪರೀಕ್ಷಕರು ಈಗ ಅನೇಕರಿದ್ದಾರೆ. ಬೆಳೆಗಾರರು ಪ್ರತಿ ವಸಂತದಲ್ಲಿಯೂ ಮಾದರಿಯ ಸೀಸೆಗಳನ್ನು ತುಂಬುತ್ತಲೇ ಇದ್ದಾರೆ.